ಒಡೆದ ಸ್ವರದ ಚರಿತ್ರೆ

ರೇಡಿಯೊ ರಿಪೇರಿ ಅಂಗಡಿಗೆ ಜನ ಹೊತ್ತು ತರುತ್ತಿದ್ದ ದೂರುಗಳು ಮುಖ್ಯವಾಗಿ ಎರಡು. ಒಂದು, ‘ಹಾಡುತ್ತಿಲ್ಲ’. ಇನ್ನೊಂದು, ‘ಸ್ವರ ಒಡೆಯುತ್ತಿದೆ’. ಉರ್ದು ಮನೆಮಾತಿನ ನಾವು ಇದನ್ನೇ ‘ಆವಾಜ್ ಫಟ್ ರಹೀ ಹೈ’ ಎನ್ನುತ್ತಿದ್ದೆವು. ಬಟ್ಟೆ ಹರಿಯುವುದಕ್ಕೂ ಹಾಲು ಒಡೆಯುವುದಕ್ಕೂ ಬಳಸುವ ಮಾತೇ ಸ್ವರಕ್ಕೂ. ಮೊದಲನೆಯ ದೂರಿಗಿಂತ ಎರಡನೆಯದು ಮೆಕ್ಯಾನಿಕನಿಗೆ ಹೆಚ್ಚು ತಲೆನೋವಿನದು. ಪೂರ್ತಿ ನಿಂತುಹೋದ ಯಂತ್ರದಲ್ಲಿ ದೋಷವನ್ನು ಹಿಡಿಯುವುದು ಸುಲಭ. ಹಾಡುತ್ತಲೇ ಕೆಡುವ ಯಂತ್ರದಲ್ಲಿ ಅದು ಎಲ್ಲಿ ಬೇಕಾದರೂ ಅಡಗಿರಬಹುದು. ಸ್ಪೀಕರಿನ ಕಾಗದ ಹರಿದಿರಬಹುದು, ಟ್ರಾನ್ಸ್‌ಫಾರ್ಮರ್ ಕೆಟ್ಟಿರಬಹುದು, ಬ್ಯಾಟರಿ ಇಳಿದಿರಬಹುದು.

ಈ ದೋಷವನ್ನೇ ದುಡ್ಡು ಕೊಟ್ಟು ಕೊಂಡವರಿದ್ದಾರೆ, ಕೊಳ್ಳಲಾಗದೆ ಮನೆಯಲ್ಲೇ ಕುಳಿತು ಬೆಸೆದುಕೊಂಡವರೂ ಇದ್ದಾರೆ. ಎಲೆಕ್ಟ್ರಿಕ್ ಗಿಟಾರ್ ನುಡಿಸುವವರ ಕಾಲ ಬಳಿ, ವೇದಿಕೆಯ ನೆಲದ ಮೇಲೆ, ಅಂಗೈಯಗಲದ ಲೋಹದ ಡಬ್ಬಿಗಳು ಸಾಲಾಗಿ ಕುಳಿತಿರುವುದನ್ನು ಓದುಗರು ನೋಡಿರಬಹುದು. ಗಿಟಾರಿನ ತಂತಿಯಿಂದ ಹೊರಟ ವಿದ್ಯುತ್ ಆಂಪ್ಲಿಫಯರಿಗೆ ಹೋಗುವ ಮೊದಲು ಈ ಡಬ್ಬಿಗಳ ಮೂಲಕ ಹಾದುಹೋಗುತ್ತದೆ. ಕಾಲಿನಿಂದ ಗುಂಡಿ ಒತ್ತಿದರೆ ಸ್ವರ ಬದಲಾಗುತ್ತದೆ. ಒಂದು ಡಬ್ಬಿ ಸ್ವರವನ್ನು ಮಾರ್ದನಿಸುತ್ತದೆ, ಮತ್ತೊಂದು ಅಲುಗಾಡಿಸುತ್ತದೆ, ಇನ್ನೊಂದು ಒಡೆಯುತ್ತದೆ. ಇವಕ್ಕೆ ಪೆಡಲ್ ಎಂದು ಹೆಸರು. ಸ್ವರ ಒಡೆಯುವ ಪೆಡಲಿಗೆ ಫಝ್ ಎನ್ನುತ್ತಾರೆ. ಇದರ ಚರಿತ್ರೆಯನ್ನು ಸಾಮಾನ್ಯವಾಗಿ ದೊಡ್ಡ ಗಿಟಾರ್ ವಾದಕರ ಹೆಸರು ಹಿಡಿದು ಹೇಳುತ್ತಾರೆ. ನಮಗೆ ಆಸಕ್ತಿಯಿರುವುದು ಬೆಸುಗೆಕೋಲು ಹಿಡಿದ ಕೈಗಳಲ್ಲಿ.

1951ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ‘ರಾಕೆಟ್ 88’ ಎಂಬ ಹಾಡು ಧ್ವನಿಮುದ್ರಣವಾಯಿತು. ಐಕ್ ಟರ್ನರ್ ಅವರ ತಂಡದ ಕರಿಯ ಯುವಕರು ದೂರದಿಂದ ಬಂದಿದ್ದರು. ಗಿಟಾರ್ ನುಡಿಸುತ್ತಿದ್ದ ವಿಲ್ಲಿ ಕಿಝಾರ್ಟ್ ಅವರ ಆಂಪ್ಲಿಫಯರ್ ದಾರಿಯಲ್ಲೇ ಪೆಟ್ಟು ತಿಂದಿತ್ತು. ಬೇರೆಯದನ್ನು ತರಿಸುವ ಅನುಕೂಲವಿರಲಿಲ್ಲ. ಸ್ಟುಡಿಯೊ ಒಡೆಯ ಸ್ಯಾಮ್ ಫಿಲಿಪ್ಸ್ ಅದರೊಳಗೆ ಕಾಗದ ತುರುಕಿ ಮುದ್ರಣ ಮುಂದುವರಿಸಿದರು. ಸ್ಯಾಕ್ಸೊಫೋನಿನ ಹಾಗೆ ಗೊರಗೊರ ಎನ್ನುವ ಗಿಟಾರಿನೊಂದಿಗೆ ಹಾಡು ಗೆದ್ದಿತು. ಮೊದಲ ರಾಕ್ ಅಂಡ್ ರೋಲ್ ಹಾಡು ಇದೇ ಎಂದು ವಾದಿಸುವವರಿದ್ದಾರೆ. ಆ ಜಗಳ ನಮಗೆ ಬೇಡ.

1958ರಲ್ಲಿ ಲಿಂಕ್ ರೇ ಎಂಬ ವಾದಕ ಸ್ಪೀಕರಿನ ಕಾಗದಕ್ಕೆ ಪೆನ್ಸಿಲಿನಿಂದ ತೂತು ಹೊಡೆದು ‘ರಂಬಲ್’ ಎಂಬ ವಾದ್ಯಸಂಗೀತ ನುಡಿಸಿದರು. ಅದರಲ್ಲಿ ಸಾಹಿತ್ಯವೇ ಇಲ್ಲ, ಒಂದು ಪದವೂ ಇಲ್ಲ. ಆದರೂ ಕೆಲವು ರೇಡಿಯೊ ನಿಲಯಗಳು ಅದನ್ನು ನಿಷೇಧಿಸಿದವು. ಬೀದಿ ಹುಡುಗರ ಹೊಡೆದಾಟಕ್ಕೆ ಅಲ್ಲಿ ‘ರಂಬಲ್’ ಎನ್ನುತ್ತಿದ್ದರು, ಇದನ್ನು ಕೇಳಿ ಹುಡುಗರು ಹೊಡೆದಾಟಕ್ಕಿಳಿಯುತ್ತಾರೆಂದು ಭಯ. ಮಾತೇ ಇಲ್ಲದ ಸಂಗೀತ ಮಾತಾಡಿದ್ದಕ್ಕಾಗಿ ಶಿಕ್ಷೆ ಅನುಭವಿಸಿದ ಪ್ರಸಂಗ ಕಥೆಗಾರರಾದ ನಮಗೆ ಸ್ವಲ್ಪ ಹೊಟ್ಟೆಕಿಚ್ಚು ತರಿಸುವಂಥದ್ದು.

ಆರು ವರ್ಷದ ಬಳಿಕ, 1964ರಲ್ಲಿ, ಉತ್ತರ ಲಂಡನ್ನಿನ ಕಾರ್ಮಿಕ ಕುಟುಂಬವೊಂದರ ಹುಡುಗ ಡೇವ್ ಡೇವಿಸ್ ತನ್ನ ಪುಟ್ಟ ಎಲ್ಪಿಕೊ ಆಂಪ್ಲಿಫಯರಿನ ಮೇಲೆ ಬ್ಲೇಡ್ ಪ್ರಯೋಗಿಸಿದ. ವಯಸ್ಸು ಹದಿನೇಳು. ಸ್ಪೀಕರಿನ ಕಾಗದವನ್ನು ಉದ್ದುದ್ದ ಸೀಳಿ, ಅದರಿಂದ ಬಂದ ಹರಕು ಸ್ವರವನ್ನು ಇನ್ನೊಂದು ದೊಡ್ಡ ಆಂಪ್ಲಿಫಯರಿಗೆ ಹಾಯಿಸಿದ. ಅಣ್ಣ ರೇ ಡೇವಿಸ್ ಬರೆದ ‘ಯು ರಿಯಲಿ ಗಾಟ್ ಮಿ’ ಹಾಡು ಅದೇ ಸ್ವರದಲ್ಲಿ ಮುದ್ರಣವಾಗಿ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು.

ಪೆನ್ಸಿಲ್, ಬ್ಲೇಡ್, ಕಾಗದದ ಚೂರು. ಇಲ್ಲಿಯವರೆಗೆ ಹತ್ಯಾರು ಇಷ್ಟೆ. ಇವರೆಲ್ಲ ಒಂದು ವಸ್ತುವನ್ನು ಕೆಡಿಸಿ ಸ್ವರ ಪಡೆದರು. ಕೆಡಿಸಿದ್ದನ್ನು ಮತ್ತೆ ಸರಿಪಡಿಸಲಾಗದು, ಇನ್ನೊಬ್ಬರಿಗೆ ಕೊಡಲೂ ಆಗದು. ದೋಷವನ್ನೇ ಬೇಕೆಂದಾಗ ಬರುವ, ಬೇಡವೆಂದಾಗ ಹೋಗುವ ಉಪಕರಣವಾಗಿಸುವ ಕೆಲಸ ಮಾಡಿದವರು ಧ್ವನಿಮುದ್ರಣ ಎಂಜಿನಿಯರ್ ಗ್ಲೆನ್ ಸ್ನಾಡಿ. ಅದು ಈ ಲಂಡನ್ನಿನ ಬ್ಲೇಡಿಗಿಂತ ಮೊದಲೇ, ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ ನಡೆದುಹೋಗಿತ್ತು.

1960ರ ಕೊನೆಯ ಹೊತ್ತು. ಗಾಯಕ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಎಂಬ ಶಾಂತವಾದ ಹಾಡಿನ ಮುದ್ರಣ ನಡೆಯುತ್ತಿತ್ತು. ನಡುವೆ ಗ್ರೇಡಿ ಮಾರ್ಟಿನ್ ಆರು ತಂತಿಯ ಬಾಸ್ ಗಿಟಾರಿನಲ್ಲಿ ಒಂದು ಸಣ್ಣ ತುಣುಕು ನುಡಿಸಬೇಕಿತ್ತು. ಅವರು ನುಡಿಸಿದಾಗ ಹೊರಬಂದದ್ದು ಕೆರಳಿದ ಕಣಜದ ಹಿಂಡಿನಂಥ ಸದ್ದು. ಸ್ಟುಡಿಯೊದ ಧ್ವನಿಮಿಶ್ರಣ ಯಂತ್ರದಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಕೈಕೊಟ್ಟಿತ್ತು. ಇದನ್ನು ತೆಗೆದುಹಾಕಿ ಮತ್ತೆ ನುಡಿಸೋಣವೇ ಎಂಬ ಚರ್ಚೆಯಾಯಿತು. ಕೊನೆಗೆ ಹಾಗೇ ಬಿಟ್ಟರು. ಹಾಡು 1961ರಲ್ಲಿ ಹೊರಬಂದು ಅಲ್ಲಿನ ಕಂಟ್ರಿ ಸಂಗೀತದ ಪಟ್ಟಿಯಲ್ಲಿ 10 ವಾರ ಮೊದಲ ಸ್ಥಾನದಲ್ಲಿತ್ತು. ಮಾರ್ಟಿನ್ ಅದೇ ವರ್ಷ ಆ ಸ್ವರದಲ್ಲೇ ‘ದಿ ಫಝ್’ ಎಂಬ ಇನ್ನೊಂದು ತುಣುಕನ್ನೂ ಮುದ್ರಿಸಿದರು.

ಸ್ನಾಡಿ ಕೆಟ್ಟ ಭಾಗವನ್ನು ಎಸೆಯದೆ ಎತ್ತಿಟ್ಟುಕೊಂಡಿದ್ದರು. ಮುಂದೆ ಗಾಯಕಿ ನ್ಯಾನ್ಸಿ ಸಿನಾತ್ರಾ ಅವರ ಕಡೆಯವರು ಬಂದು ತಮಗೂ ಅದೇ ಸ್ವರ ಬೇಕೆಂದಾಗ ಅದು ಪೂರ್ತಿ ಸತ್ತುಹೋಗಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ಅರೆಜೀವವಾಗಿದ್ದಾಗ ಹಾಡಿದ ಯಂತ್ರ, ಜೀವ ಹೋದ ಮೇಲೆ ಮೌನವಾಯಿತು. ಆಗ ಸ್ನಾಡಿ ತಮ್ಮ ಜೊತೆಗಾರ ಎಂಜಿನಿಯರ್ ರೆವಿಸ್ ಹಾಬ್ಸ್ ಅವರೊಂದಿಗೆ ಕುಳಿತು, ಆಗಿನ್ನೂ ಹೊಸದಾಗಿದ್ದ ಟ್ರಾನ್ಸಿಸ್ಟರುಗಳನ್ನು ಬಳಸಿ ಆ ಕೆಟ್ಟ ಟ್ರಾನ್ಸ್‌ಫಾರ್ಮರಿನ ಗುಣವನ್ನು ಬರಿಸುವ ಸರ್ಕಿಟ್ ಕಟ್ಟಿದರು. ಅದನ್ನು ಗಿಬ್ಸನ್ ಕಂಪೆನಿ ಕೊಂಡಿತು. 1962ರಲ್ಲಿ ‘ಮ್ಯಾಸ್ಟ್ರೊ ಫಝ್-ಟೋನ್’ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಒಳಗೆ ಮೂರು ಟ್ರಾನ್ಸಿಸ್ಟರ್, ಒಂದೂವರೆ ವೋಲ್ಟಿನ ಎರಡು ಸೆಲ್ಲು. ಬ್ಯಾಟರಿ ಬಲದಲ್ಲಿ ನೆಲದ ಮೇಲೆ ಕೂತು ಸ್ವರ ಒಡೆಯುವ ಡಬ್ಬಿ ಅಂಗಡಿಯಲ್ಲಿ ಸಿಗತೊಡಗಿದ್ದು ಹೀಗೆ.

ಕಂಪೆನಿಗಾದರೂ ಇದರ ಬೆಲೆ ಗೊತ್ತಿತ್ತೇ? ಹಾಗೇನೂ ಕಾಣುವುದಿಲ್ಲ. ಈ ಡಬ್ಬಿ ಇದ್ದರೆ ನಿಮ್ಮ ಗಿಟಾರಿನಿಂದ ಟ್ರಂಪೆಟ್, ಟ್ಯೂಬಾ, ಸೆಲ್ಲೊಗಳ ಸ್ವರ ಬರುತ್ತದೆ ಎಂದು ಅದು ಪ್ರಚಾರ ಮಾಡಿತು. ಒಡೆದ ಸ್ವರವನ್ನು ಒಡೆದ ಸ್ವರವೆಂದೇ ಮಾರಲು ಧೈರ್ಯ ಸಾಲದೆ ಇನ್ನೊಂದು ವಾದ್ಯದ ವೇಷ ತೊಡಿಸಿತು. ಮೊದಲ ವರ್ಷ 5,000ಕ್ಕೂ ಹೆಚ್ಚು ಡಬ್ಬಿ ತಯಾರಾಗಿ ಅಂಗಡಿಗಳಿಗೆ ಹೋದವು. ಆಮೇಲೆ ಎರಡು ವರ್ಷ ಕೇಳುವವರಿಲ್ಲ. 1965ರ ಮೇ ತಿಂಗಳಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಒಂದು ಹೊಸ ಹಾಡಿಗೆ ಈ ಡಬ್ಬಿಯನ್ನು ಬಳಸಿದರು. ಅವರ ಲೆಕ್ಕದಲ್ಲೂ ಅದು ತಾತ್ಕಾಲಿಕ. ಮುಂದೆ ಕಹಳೆವಾದ್ಯದವರು ಬಂದು ನುಡಿಸಬೇಕಾದ ಭಾಗವನ್ನು ಗುರುತಿಗಾಗಿ ಗಿಟಾರಿನಲ್ಲಿ ನುಡಿಸಿಟ್ಟದ್ದು. ಉಳಿದವರು ಹಾಗೇ ಬಿಡುಗಡೆ ಮಾಡೋಣವೆಂದರು. ಹಾಡಿನ ಹೆಸರು ‘ಸ್ಯಾಟಿಸ್ಫ್ಯಾಕ್ಷನ್’. ವರ್ಷ ಮುಗಿಯುವುದರೊಳಗೆ ಅಂಗಡಿಗಳಲ್ಲಿ ದೂಳು ತಿನ್ನುತ್ತಿದ್ದ ಡಬ್ಬಿಗಳು ಖಾಲಿ. ಸ್ನಾಡಿ-ಹಾಬ್ಸ್ ಜೋಡಿಗೆ ಪೇಟೆಂಟ್ ಮಂಜೂರಾದದ್ದೂ ಅದೇ 1965ರಲ್ಲಿ. ಸ್ನಾಡಿ 2018ರಲ್ಲಿ, 96ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈ ಡಬ್ಬಿಯೊಳಗೆ ನಡೆಯುವುದಾದರೂ ಏನು? ಗಿಟಾರಿನ ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ತಾಮ್ರದ ಸುರುಳಿ. ತಂತಿ ಕಂಪಿಸಿದಾಗ ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ಒಂದು ವೋಲ್ಟಿನ ಸಣ್ಣ ಭಾಗ. ಅದನ್ನು ಕಾಗದದ ಮೇಲೆ ಬರೆದರೆ ಏರಿಳಿಯುವ ಅಲೆಯಂತೆ ಕಾಣುತ್ತದೆ. ಟ್ರಾನ್ಸಿಸ್ಟರ್ ಈ ಅಲೆಯನ್ನು ಹಿಗ್ಗಿಸುತ್ತದೆ. ಆದರೆ ಬ್ಯಾಟರಿಯೇ ಒಂಬತ್ತು ವೋಲ್ಟಿನದಾದರೆ ಅದಕ್ಕಿಂತ ಎತ್ತರದ ಅಲೆ ಅದರಲ್ಲಿ ಹಿಡಿಸದು. ಗಿಡ್ಡ ಬಾಗಿಲಿನ ಮನೆಯಲ್ಲಿ ಎತ್ತರದ ಮನುಷ್ಯನ ಗತಿ ಅದಕ್ಕಾಗುತ್ತದೆ. ಅಲೆಯ ನೆತ್ತಿ ಸವರಿಹೋಗಿ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಅಲೆಯಲ್ಲಿ ಮೂಲದಲ್ಲಿ ಇಲ್ಲದಿದ್ದ ಮೇಲಿನ ಉಪಸ್ವರಗಳು ಹುಟ್ಟಿಕೊಳ್ಳುತ್ತವೆ. ಕಿವಿಗೆ ಒರಟಾಗಿ, ತುಂಬಿಕೊಂಡಂತೆ ಕೇಳುವುದು ಆ ಉಪಸ್ವರಗಳೇ. ಇನ್ನೊಂದು ಪರಿಣಾಮವೂ ಇದೆ. ಜೋರಾಗಿ ಮೀಟಿದರೂ ಮೆಲ್ಲಗೆ ಮೀಟಿದರೂ ಅಲೆಯ ಎತ್ತರ ಹೆಚ್ಚುಕಡಿಮೆ ಒಂದೇ ಆಗಿಬಿಡುವುದರಿಂದ ಕ್ಷಣದಲ್ಲಿ ಆರಿಹೋಗಬೇಕಿದ್ದ ಗಿಟಾರಿನ ಸ್ವರ ಪಿಟೀಲಿನಂತೆ ಎಳೆದು ನಿಲ್ಲುತ್ತದೆ.

ಮ್ಯಾಸ್ಟ್ರೊ ಡಬ್ಬಿಯಲ್ಲಿ ಈ ಎಳೆತ ಸಾಲದು ಎಂದು ಲಂಡನ್ನಿನ ವಾದಕ ವಿಕ್ ಫ್ಲಿಕ್ ಅವರಿಗೆ ಅನ್ನಿಸಿತ್ತು. ಜೇಮ್ಸ್ ಬಾಂಡ್ ಸಿನಿಮಾದ ಪ್ರಸಿದ್ಧ ರಾಗವನ್ನು ಗಿಟಾರಿನಲ್ಲಿ ನುಡಿಸಿದವರು ಇವರು. ಅವರು ತಮ್ಮ ಡಬ್ಬಿಯನ್ನು ಗ್ಯಾರಿ ಹರ್ಸ್ಟ್ ಎಂಬ ಎಲೆಕ್ಟ್ರಾನಿಕ್ಸ್ ಬಲ್ಲ ಯುವಕನ ಕೈಗೆ ಕೊಟ್ಟರು. ಹರ್ಸ್ಟ್ ಅದನ್ನು ಬಿಚ್ಚಿ, ಅಭ್ಯಾಸ ಮಾಡಿ, 1965ರಲ್ಲಿ ‘ಟೋನ್ ಬೆಂಡರ್’ ಎಂಬ ತನ್ನದೇ ಡಬ್ಬಿ ಮಾಡಿದರು. ಮೊದಲ ಕೆಲವು ಮರದ ಪೆಟ್ಟಿಗೆಯಲ್ಲೇ ಇದ್ದವು. ಅದೇ ಊರಿನಲ್ಲಿ ರೋಜರ್ ಮೇಯರ್ ಎಂಬ ಇನ್ನೊಬ್ಬರು. ಹಗಲು ಬ್ರಿಟಿಷ್ ನೌಕಾದಳದ ಸಂಶೋಧನಾಲಯದಲ್ಲಿ ಶಬ್ದ ಮತ್ತು ಕಂಪನಗಳ ಕುರಿತ ಕೆಲಸ, ಬಿಡುವಿನಲ್ಲಿ ಗೆಳೆಯರಾದ ಜಿಮ್ಮಿ ಪೇಜ್, ಜೆಫ್ ಬೆಕ್ ಅವರಿಗಾಗಿ ಫಝ್ ಡಬ್ಬಿ ಕಟ್ಟುವ ಕೆಲಸ. ಹಡಗಿನ ಸದ್ದನ್ನು ಅಡಗಿಸುವ ವಿದ್ಯೆ ಕಲಿತವರು ಗಿಟಾರಿನ ಸದ್ದನ್ನು ಕೆರಳಿಸಿದರು. 1967ರಲ್ಲಿ ಜಿಮಿ ಹೆಂಡ್ರಿಕ್ಸ್ ‘ಪರ್ಪಲ್ ಹೇಝ್’ ಹಾಡಿನಲ್ಲಿ ನುಡಿಸಿದ, ಸ್ವರದ ಮೇಲೊಂದು ಸ್ವರ ಕಿರುಚುವ ತುಣುಕಿಗೆ ಬಳಸಿದ್ದು ಮೇಯರ್ ಕಟ್ಟಿಕೊಟ್ಟ ‘ಆಕ್ಟೇವಿಯಾ’ ಡಬ್ಬಿಯನ್ನು.

ಇಲ್ಲಿ ನಮ್ಮ ದೇಶದ ಪ್ರಸ್ತಾಪ ಬರುತ್ತದೆ. 1965ರಲ್ಲಿ ಯಾರ್ಡ್‌ಬರ್ಡ್ಸ್ ತಂಡ ‘ಹಾರ್ಟ್ ಫುಲ್ ಆಫ್ ಸೋಲ್’ ಹಾಡಿಗೆ ಸಿತಾರ್ ಬೇಕೆಂದು ಲಂಡನ್ನಿನಲ್ಲಿದ್ದ ಭಾರತೀಯ ವಾದಕರನ್ನು ಕರೆಸಿತು. ಮುದ್ರಣವೂ ಆಯಿತು. ಆದರೆ ಆ ತಂಡದ ಅಬ್ಬರದ ನಡುವೆ ಸಿತಾರಿನ ಸ್ವರ ಎದ್ದು ಕೇಳಲಿಲ್ಲ. ಆಗ ಜೆಫ್ ಬೆಕ್ ಫಝ್ ಡಬ್ಬಿ ಹಾಕಿಕೊಂಡು ಸಿತಾರಿನ ಝೇಂಕಾರವನ್ನು ಗಿಟಾರಿನಲ್ಲೇ ಅನುಕರಿಸಿದರು. ಹೊರಬಂದದ್ದು ಆ ಆವೃತ್ತಿ. ಬಂದು ನುಡಿಸಿ ಹೋದ ಸಿತಾರ್ ವಾದಕರ ಹೆಸರನ್ನು ಈ ಪ್ರಸಂಗ ಹೇಳುವವರು ಹೇಳುವುದೇ ಅಪರೂಪ.

ಫಝ್ ಡಬ್ಬಿ ಸಿತಾರನ್ನು ಅನುಕರಿಸಬಲ್ಲದಾದದ್ದು ಕಾಕತಾಳೀಯವಲ್ಲ. ಸಿತಾರಿನ, ತಂಬೂರಿಯ ಕುದುರೆಯ ಮೈ ಅಗಲವಾಗಿ, ಸ್ವಲ್ಪವೇ ಇಳಿಜಾರಾಗಿರುತ್ತದೆ. ಕಂಪಿಸುವ ತಂತಿ ಆ ಮೈಯನ್ನು ಸವರುತ್ತಾ ಝೇಂಕರಿಸುತ್ತದೆ, ಉಪಸ್ವರಗಳು ಏಳುತ್ತವೆ. ತಂಬೂರಿಗೆ ಅದಕ್ಕಾಗಿ ತಂತಿಯ ಕೆಳಗೊಂದು ನೂಲಿನೆಳೆಯನ್ನೂ ಸಿಕ್ಕಿಸುತ್ತಾರೆ. ಆ ಮೈಯನ್ನು ಅರದಿಂದ ಉಜ್ಜಿ ಹದಗೊಳಿಸುವುದಕ್ಕೆ ಜವಾರಿ ತೆಗೆಯುವುದು ಎಂದು ಹೆಸರು. ಬೆಳಗಾವಿಯಿಂದಾಚೆ, ಮೀರಜಿನಲ್ಲಿ ಈ ವಿದ್ಯೆಯನ್ನು ಬೆಳೆಸಿದವರು ಶಿಕಲ್‌ಗಾರರು. ಕತ್ತಿ ಗುರಾಣಿಗಳನ್ನು ಮಾಡಿ ಮಸೆಯುತ್ತಿದ್ದ ಮುಸ್ಲಿಮ್ ಕುಶಲಕರ್ಮಿಗಳು. ಆಯುಧಗಳಿಗೆ ಗಿರಾಕಿ ಇಲ್ಲವಾದ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಅವರಲ್ಲೊಬ್ಬರಾದ ಫರೀದ್‌ಸಾಹೇಬರು ತಂಬೂರಿ ಕಟ್ಟಲು ಕೈಹಾಕಿದರು. ಮನೆತನಕ್ಕೆ ಸಿತಾರ್‌ಮೇಕರ್ ಎಂದೇ ಹೆಸರಾಯಿತು. ಅರ ಹಿಡಿಯಲು ಬಲ್ಲ ಕೈಗೆ ಕತ್ತಿಯ ಅಲಗೇನು, ಕುದುರೆಯ ಮೈಯೇನು. ಪಾಶ್ಚಾತ್ಯರು ಟ್ರಾನ್ಸ್‌ಫಾರ್ಮರ್ ಕೆಟ್ಟ ಮೇಲೆ ಕಂಡುಕೊಂಡದ್ದನ್ನು ನಮ್ಮವರು ಅರದಿಂದ ಉಜ್ಜಿ ಮೊದಲೇ ಸಾಧಿಸಿದ್ದರು ಎಂದು ಎದೆ ತಟ್ಟಿಕೊಳ್ಳುವ ಉದ್ದೇಶ ನಮ್ಮದಲ್ಲ. ಎರಡೂ ಕಡೆ ಸ್ವರದ ಗುಟ್ಟು ಹಾಡುವವರ ಗಂಟಲಿಗಿಂತ ಹತ್ಯಾರು ಹಿಡಿದವರ ಬೆರಳಲ್ಲಿತ್ತು ಎಂಬುದನ್ನು ಗಮನಿಸಬೇಕು.

1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪೆನಿ ‘ಫಝ್ ಫೇಸ್’ ಎಂಬ ಡಬ್ಬಿ ತಂದಿತು. ಮೈಕಿನ ಕಂಬದ ತಳದಂತೆ ಗುಂಡಗಿನ ಎರಕದ ತಟ್ಟೆ. ಹೆಂಡ್ರಿಕ್ಸ್ ಕಾಲಿನಡಿ ಇದ್ದು ಇದು ಲೋಕಪ್ರಸಿದ್ಧವಾಯಿತು. ಬಿಚ್ಚಿ ನೋಡಿದರೆ ಒಳಗಿನ ಸರ್ಕಿಟಿನಲ್ಲಿ ಇರುವುದು ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ತಿರುಗಿಸುವ ಎರಡು ಕಂಟ್ರೋಲು. ಒಟ್ಟು ಹನ್ನೊಂದು. ಒಂದು ಸಾಧಾರಣ ರೇಡಿಯೊದಲ್ಲಿ ಇದರ ಹಲವು ಪಟ್ಟು ಇರುತ್ತವೆ. ಜಗತ್ತಿನಾದ್ಯಂತ ಮನೆಯಲ್ಲಿ ಪೆಡಲ್ ಕಟ್ಟುವವರು ಮೊದಲ ಪಾಠಕ್ಕೆ ಇವತ್ತಿಗೂ ಆರಿಸಿಕೊಳ್ಳುವ ಸರ್ಕಿಟುಗಳಲ್ಲಿ ಇದೂ ಒಂದು. ಆದರೆ ಹನ್ನೊಂದೇ ಭಾಗವೆಂದು ಸುಲಭವೆಂದುಕೊಳ್ಳಬಾರದು. ಮೊದಲ ಫಝ್ ಫೇಸ್‌ಗಳಲ್ಲಿದ್ದದ್ದು ಜರ್ಮೇನಿಯಮ್ ಟ್ರಾನ್ಸಿಸ್ಟರ್. ಅದರ ಸ್ವಭಾವ ಚಂಚಲ. ಒಂದೇ ನಂಬರಿನ ಎರಡು ಬಿಡಿಗಳು ಒಂದೇ ರೀತಿ ವರ್ತಿಸುವುದಿಲ್ಲ. ಬಿಸಿಲು ಏರಿದರೆ ಅದರೊಳಗಿನ ವಿದ್ಯುತ್ ಸೋರಿಕೆ ಏರುತ್ತದೆ, ಸ್ವರ ಕೆಡುತ್ತದೆ. ಒಡೆದ ಸ್ವರವೂ ಕೆಡಬಲ್ಲದು ಎಂಬುದು ಹೊರಗಿನವರಿಗೆ ತಮಾಷೆಯಾಗಿ ಕಂಡೀತು, ಕಟ್ಟುವವರಿಗೆ ಅದೇ ನಿತ್ಯದ ಗೋಳು. ಕೆಲವೇ ವರ್ಷಗಳಲ್ಲಿ ಕಂಪೆನಿ ಬಿಸಿಲು ತಾಳುವ ಸಿಲಿಕಾನಿಗೆ ಬದಲಾಯಿಸಿತು. ಸ್ವರ ಸ್ವಲ್ಪ ಚೂಪಾಯಿತು, ಹಳೆಯದೇ ಚೆಂದವಿತ್ತು ಎನ್ನುವವರ ಪಂಗಡ ಅಂದೇ ಹುಟ್ಟಿಕೊಂಡಿತು.

ಜರ್ಮೇನಿಯಮ್ ಬಿಡಿಭಾಗಗಳು ಕರ್ನಾಟಕಕ್ಕೆ ಅಪರಿಚಿತವೇನಲ್ಲ. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವುಗಳನ್ನೂ 1962ರಲ್ಲಿ ಜರ್ಮೇನಿಯಮ್ ಸೆಮಿಕಂಡಕ್ಟರುಗಳನ್ನೂ ತಯಾರಿಸತೊಡಗಿತು. ಅಂದರೆ ನ್ಯಾಶ್‌ವಿಲ್ಲಿನ ಡಬ್ಬಿ ಅಂಗಡಿಗೆ ಬಂದ ವರ್ಷವೇ. ಅದೇ ಹೊತ್ತಿನಲ್ಲಿ ವಿದೇಶಿ ಗಿಟಾರ್, ಆಂಪ್ಲಿಫಯರ್, ಪೆಡಲುಗಳು ಇಲ್ಲಿನ ಹುಡುಗರ ಕೈಗೆಟಕುವಂತಿರಲಿಲ್ಲ. ಆಮದಿಗೆ ಪರವಾನಗಿ ಬೇಕು, ಸುಂಕ ವಿಪರೀತ. ಸಿಗರೇಟ್ ಕಂಪೆನಿಯೊಂದು ನಡೆಸುತ್ತಿದ್ದ ‘ಸಿಮ್ಲಾ ಬೀಟ್’ ಸ್ಪರ್ಧೆಗೆ ದೇಶದ ನಾನಾ ನಗರಗಳಿಂದ ತಂಡಗಳು ಬರುತ್ತಿದ್ದವು. 1970 ಮತ್ತು 1971ರಲ್ಲಿ ಅವುಗಳ ಹಾಡುಗಳ ಎರಡು ತಟ್ಟೆಗಳು ಹೊರಬಂದವು. ಅವುಗಳಲ್ಲಿ ಒಡೆದ ಗಿಟಾರಿನ ಸ್ವರ ಧಾರಾಳವಾಗಿ ಕೇಳುತ್ತದೆ. ಆ ಕಾಲದ ತಂಡಗಳು ಊರಿನಲ್ಲೇ ಮಾಡಿಸಿದ ಆಂಪ್ಲಿಫಯರುಗಳನ್ನೂ ರೇಡಿಯೊ ಮೆಕ್ಯಾನಿಕರ ಕೈಚಳಕವನ್ನೂ ನಂಬಿಕೊಂಡಿದ್ದವು. ಹಾಡಿದವರ ಫೋಟೊಗಳು ಅಲ್ಲಿ ಇಲ್ಲಿ ಉಳಿದಿವೆ. ಬೆಸೆದುಕೊಟ್ಟ ಮೆಕ್ಯಾನಿಕರು ಯಾವ ತಟ್ಟೆಯ ಬೆನ್ನ ಮೇಲೂ ಇಲ್ಲ.

ಪಶ್ಚಿಮದಲ್ಲಿ ಎಪ್ಪತ್ತರ ದಶಕ ಈ ವಿದ್ಯೆಯನ್ನು ಮನೆಮನೆಗೆ ಒಯ್ದಿತು. ಒಕ್ಲಹೋಮಾದಲ್ಲಿ ಜಾನ್ ಸೈಮಂಟನ್ ಅವರ ಪಾಯಾ ಎಲೆಕ್ಟ್ರಾನಿಕ್ಸ್, ಭಾಗಗಳನ್ನೂ ಸೂಚನೆಗಳನ್ನೂ ಒಂದು ಪೊಟ್ಟಣದಲ್ಲಿಟ್ಟು ಅಂಚೆಯಲ್ಲಿ ಕಳಿಸುತ್ತಿತ್ತು. 1975ರಲ್ಲಿ ಕ್ರೇಗ್ ಆಂಡರ್ಟನ್ ಸಂಗೀತಗಾರರಿಗಾಗಿಯೇ ಎಲೆಕ್ಟ್ರಾನಿಕ್ಸ್ ಕಲಿಸುವ ಪುಸ್ತಕ ಬರೆದರು. ರೆಸಿಸ್ಟರ್ ಎಂದರೇನು ಎಂಬಲ್ಲಿಂದ ಆರಂಭಿಸಿ, ಬೆಸುಗೆ ಹಾಕುವ ಕ್ರಮ ತಿಳಿಸಿ, ನಕ್ಷೆ ಸಮೇತ ಒಂದೊಂದೇ ಉಪಕರಣ ಕಟ್ಟಿಸುವ ಪುಸ್ತಕ. ಓಮ್ಸ್ ನಿಯಮ ಗೊತ್ತಿಲ್ಲದ ಗಿಟಾರ್ ವಾದಕ ಇದನ್ನು ಮುಂದಿಟ್ಟುಕೊಂಡು ಊಟದ ಮೇಜಿನ ಮೇಲೆ ಪೆಡಲ್ ಕಟ್ಟಿಕೊಂಡ.

ಈ ಪುಸ್ತಕದ ಮಹತ್ವ ತಿಳಿಯಲು ನಮ್ಮ ಉಸ್ತಾದರ ಪರಂಪರೆಯನ್ನು ನೆನೆಯಬೇಕು. ಖಾಸ್ ಬಂದಿಶುಗಳನ್ನು ಮಗನಿಗೆ ಮಾತ್ರ ಹೇಳಿಕೊಟ್ಟು, ಶಾಗಿರ್ದನಿಗೆ ಅರ್ಧ ಹೇಳಿಕೊಟ್ಟು, ಉಳಿದವರೆದುರು ಹಾಡದೆಯೇ ಇದ್ದ ಉಸ್ತಾದರ ಕಥೆಗಳು ನಮ್ಮಲ್ಲಿ ಹೇರಳ. ಅದನ್ನು ಜಿಪುಣತನ ಎಂದು ಬೈಯುವುದು ಸುಲಭ. ವಿದ್ಯೆಯೊಂದೇ ಆಸ್ತಿಯಾದವನು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ತಪ್ಪೇನು ಎಂದೂ ಕೇಳಬಹುದು. ಪೆಡಲಿನ ಲೋಕದಲ್ಲಿ ಬೀಗದ ಕೆಲಸ ಮಾಡಿದ್ದು ಅಂಟು.

ಕೆಲವು ತಯಾರಕರು ಟ್ರಾನ್ಸಿಸ್ಟರ್, ಚಿಪ್ಪುಗಳ ಮೇಲಿನ ನಂಬರನ್ನು ಉಜ್ಜಿ ಅಳಿಸುತ್ತಿದ್ದರು. ಇನ್ನು ಕೆಲವರು ಇಡೀ ಸರ್ಕಿಟಿನ ಮೇಲೆ ಎಪಾಕ್ಸಿ ಅಂಟು ಸುರಿದು ಕಲ್ಲಿನಂತೆ ಗಟ್ಟಿಯಾಗಿಸುತ್ತಿದ್ದರು. ಒಳಗೇನಿದೆಯೆಂದು ಕಾಣುವುದಿಲ್ಲ, ಕೆಟ್ಟರೆ ರಿಪೇರಿಯೂ ಆಗುವುದಿಲ್ಲ. ಇದರ ಪ್ರಸಿದ್ಧ ಉದಾಹರಣೆ ಬಿಲ್ ಫಿನೆಗನ್ ಎಂಬವರು 1994ರಿಂದ ಕೈಯಲ್ಲೇ ಕಟ್ಟಿ ಮಾರಿದ ‘ಕ್ಲಾನ್ ಸೆಂಟಾರ್’. ಒಟ್ಟು ತಯಾರಾದದ್ದು ಸುಮಾರು 8,000. ಒಬ್ಬ ಮನುಷ್ಯ ಮೇಜಿನ ಮುಂದೆ ಕುಳಿತು ವರ್ಷಗಟ್ಟಲೆ ಮಾಡಿದ ಕೆಲಸವದು. ನಿಂತುಹೋದ ಮೇಲೆ ಹಳೆಯ ಒಂದೊಂದು ಡಬ್ಬಿ ಸಾವಿರಾರು ಡಾಲರಿಗೆ ಕೈಬದಲಾಯಿಸಿತು. ಹವ್ಯಾಸಿಗಳು ಸುಮ್ಮನಿರಲಿಲ್ಲ. ಅಂಟನ್ನು ಕೆರೆದು ಕಿತ್ತು, ಒಂದೊಂದೇ ಭಾಗ ಅಳೆದು, ನಕ್ಷೆ ಬರೆದರು. ಆ ನಕ್ಷೆ ಹರಡಿದ್ದೇ ತಡ, ಮನೆಯಲ್ಲಿ ಕಟ್ಟುವವರು ಕಟ್ಟಿಕೊಂಡರು, ಸಣ್ಣ ತಯಾರಕರು ಮಾರಿದರು, ದೊಡ್ಡ ಕಾರ್ಖಾನೆಗಳೂ ಹಿಂದೆ ಬಂದವು.

ಇಲ್ಲಿ ನ್ಯಾಯ ಯಾರ ಕಡೆ? ಕಾನೂನನ್ನು ಕೇಳಿದರೆ ಅದು ಪೆಡಲಿನ ಒಳಗಿಗಿಂತ ಹೊರಗನ್ನು ಹೆಚ್ಚು ಕಾಪಾಡುತ್ತದೆ. ಕಾಗದದ ಮೇಲೆ ಬರೆದ ನಕ್ಷೆಗೆ ಕೃತಿಸ್ವಾಮ್ಯ ಉಂಟು, ಆ ನಕ್ಷೆ ಹೇಳುವ ಸರ್ಕಿಟಿಗಿಲ್ಲ. ಸರ್ಕಿಟಿಗೆ ರಕ್ಷಣೆ ಬೇಕಿದ್ದರೆ ಪೇಟೆಂಟ್ ಪಡೆಯಬೇಕು. ಅದು ಖರ್ಚಿನ ಬಾಬತ್ತು, ಮೇಲಾಗಿ ಪೇಟೆಂಟ್ ಪಡೆಯುವುದೆಂದರೆ ಗುಟ್ಟನ್ನು ಪ್ರಕಟಿಸುವುದು, ಅವಧಿ ಮುಗಿದರೆ ಬಿಟ್ಟುಕೊಡುವುದು. 2005ರಲ್ಲಿ ಜಪಾನಿನ ರೋಲ್ಯಾಂಡ್ ಕಂಪೆನಿ ತನ್ನ ಬಾಸ್ ಪೆಡಲುಗಳನ್ನು ನಕಲು ಮಾಡಿದ್ದಕ್ಕಾಗಿ ಬೆರಿಂಜರ್ ಕಂಪೆನಿಯ ಮೇಲೆ ದಾವೆ ಹೂಡಿದಾಗ ತಕರಾರು ಇದ್ದದ್ದು ಡಬ್ಬಿಯ ಆಕಾರ, ಬಣ್ಣ, ಹೊರನೋಟದ ಕುರಿತು. 2024ರಲ್ಲಿ ಫಿನೆಗನ್ ಅವರ ಕಡೆಯಿಂದ ಅದೇ ಬೆರಿಂಜರ್ ಮೇಲೆ ದಾವೆ ಬಿದ್ದಾಗಲೂ ವಿಷಯ ಹೆಸರು ಮತ್ತು ಚಿತ್ರದ್ದು. ಹೆಸರು ಬದಲಾಯಿತು, ಸ್ವರ ಮಾರಾಟವಾಗುತ್ತಲೇ ಹೋಯಿತು. ಮೀರಜಿನ ಸಿತಾರ್, ತಂಬೂರಿಗಳಿಗೆ ಅದೇ 2024ರಲ್ಲಿ ಸಿಕ್ಕ ಭೌಗೋಳಿಕ ಗುರುತೂ ಊರಿನ ಹೆಸರನ್ನು ಕಾಯಬಲ್ಲದೇ ಹೊರತು ಅರ ಉಜ್ಜುವ ಬೆರಳಿನ ಲೆಕ್ಕಾಚಾರವನ್ನಲ್ಲ.

ನಮ್ಮ ಅಭಿಪ್ರಾಯ ಕೇಳಿದರೆ, ಬಿಚ್ಚಿ ನೋಡುವ ಹಕ್ಕಿನ ಪರ ನಾವು. ಹರ್ಸ್ಟ್ ಮ್ಯಾಸ್ಟ್ರೊ ಡಬ್ಬಿಯನ್ನು ಬಿಚ್ಚದಿದ್ದರೆ ಟೋನ್ ಬೆಂಡರ್ ಇಲ್ಲ. ಅಂಟು ಸುರಿದವರೂ ತಾವು ಕಲಿಯುವಾಗ ಯಾರದೋ ಡಬ್ಬಿಯ ತಿರುಪು ಬಿಚ್ಚಿದವರೇ ಆಗಿರುತ್ತಾರೆ. ಆದರೆ ಹದಿನಾರರ ಹುಡುಗ ಕಲಿಯಲೆಂದು ಒಂದು ಡಬ್ಬಿ ಕಟ್ಟುವುದನ್ನೂ ಕಾರ್ಖಾನೆ ಲಕ್ಷಗಟ್ಟಲೆ ಅಚ್ಚು ಹೊಡೆದು ಒಬ್ಬನ ಅನ್ನ ಕಸಿಯುವುದನ್ನೂ ಒಂದೇ ‘ನಕಲು’ ಎಂಬ ಪದದಲ್ಲಿ ಕಟ್ಟಿಹಾಕುವುದಕ್ಕೆ ನಮ್ಮ ಒಪ್ಪಿಗೆಯಿಲ್ಲ. ಪೆಡಲ್ ಕಟ್ಟುವವರ ನಡುವೆ ಬರೆಯದ ರಿವಾಜೊಂದಿದೆ. ಬದುಕಿರುವ ಸಣ್ಣ ತಯಾರಕನ, ಇನ್ನೂ ಮಾರಾಟದಲ್ಲಿರುವ ಸರ್ಕಿಟನ್ನು ನಿನಗಾಗಿ ಕಟ್ಟಿಕೋ, ಮಾರಬೇಡ. ಎಲ್ಲರೂ ಪಾಲಿಸುತ್ತಾರೆಂದಲ್ಲ, ಆದರೆ ಮುರಿದವರ ಹೆಸರು ಕೆಡುತ್ತದೆ.

ಕಾನೂನು, ಪೇಟೆಂಟ್ ಯಾವುದೂ ತಲುಪದ ಕಡೆ ಕಟ್ಟಿದವರನ್ನೂ ಇಲ್ಲಿ ನೆನೆಯಬೇಕು. ಕಾಂಗೊ ದೇಶದ ರಾಜಧಾನಿ ಕಿನ್ಶಾಸಾದಲ್ಲಿ ಮವಾಂಗು ಮಿಂಗಿಯೆಡಿ ಎಂಬವರು ಕೊನೊನೊ ನಂಬರ್ 1 ತಂಡ ಕಟ್ಟಿದರು. ಅವರ ವಾದ್ಯ ಲಿಕೆಂಬೆ. ಮರದ ಪೆಟ್ಟಿಗೆಯ ಮೇಲೆ ಸಾಲಾಗಿ ಜೋಡಿಸಿದ ಲೋಹದ ಪಟ್ಟಿಗಳನ್ನು ಹೆಬ್ಬೆರಳಿನಿಂದ ಮೀಟುವುದು. ಹಳ್ಳಿಯ ಬಯಲಲ್ಲಿ ಕೇಳುತ್ತಿದ್ದ ಆ ಮೆಲುದನಿ ನಗರದ ಗದ್ದಲದಲ್ಲಿ ಕೇಳಿಸದು. ಹಳೆಯ ಕಾರುಗಳ ಬಿಡಿಭಾಗದ ಅಯಸ್ಕಾಂತಕ್ಕೆ ತಾಮ್ರದ ತಂತಿ ಸುತ್ತಿ ಮೈಕ್ ಮಾಡಿಕೊಂಡರು. ವಸಾಹತು ಕಾಲದ ಗಂಟೆಬಾಯಿಯ ಧ್ವನಿವರ್ಧಕಗಳನ್ನು ಸ್ಪೀಕರ್ ಮಾಡಿಕೊಂಡರು. ಕೇಳಲಿ ಎಂದಷ್ಟೇ ಇವರ ಉದ್ದೇಶ, ಒಡೆಯಲಿ ಎಂದಲ್ಲ. ಆದರೆ ಆ ಸಲಕರಣೆಯಲ್ಲಿ ಸ್ವರ ಒಡೆಯದೆ ಬೇರೆ ದಾರಿಯಿರಲಿಲ್ಲ. ಒಡೆದ ಸ್ವರವೇ ತಂಡದ ಗುರುತಾಯಿತು. 2004ರಲ್ಲಿ ಬೆಲ್ಜಿಯಮಿನ ಸಂಸ್ಥೆಯೊಂದು ‘ಕಾಂಗೊಟ್ರಾನಿಕ್ಸ್’ ಎಂಬ ಹೆಸರಿನಲ್ಲಿ ಅವರ ಸಂಗೀತವನ್ನು ಹೊರತಂದಾಗ ಯುರೋಪಿನ ಎಲೆಕ್ಟ್ರಾನಿಕ್ ಸಂಗೀತದವರು ಬೆರಗಾದರು. ದುಬಾರಿ ಯಂತ್ರಗಳಿಂದ ತಾವು ಬರಿಸಲು ಒದ್ದಾಡುತ್ತಿದ್ದುದು ಇಲ್ಲಿ ಗುಜರಿಯಿಂದ ಬಂದಿತ್ತು. ಮಿಂಗಿಯೆಡಿ 2015ರಲ್ಲಿ ನಿಧನರಾದರು.

ನಮ್ಮಲ್ಲಿ ಈಗ ಮುಂಬೈಯ ಅನಿಮಲ್ ಫ್ಯಾಕ್ಟರಿ ಆಂಪ್ಲಿಫಿಕೇಷನ್ ಎಂಬ ಸಂಸ್ಥೆಯ ಪೆಡಲುಗಳು ಹೊರದೇಶಗಳವರೆಗೂ ಹೋಗಿವೆ. ಮನೆಯಲ್ಲಿ ಕಟ್ಟಬಯಸುವವರಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಗಳಿವೆ. ರೆಸಿಸ್ಟರ್, ಕೆಪಾಸಿಟರ್, ಜ್ಯಾಕುಗಳೆಲ್ಲ ಕೈಗೆಟಕುವ ಬೆಲೆಗೆ ಸಿಗುತ್ತವೆ. ಕಷ್ಟವಿರುವುದು ಜರ್ಮೇನಿಯಮ್ ಟ್ರಾನ್ಸಿಸ್ಟರಿನದು, ಅದರ ಕಾಲ ಮುಗಿದು ದಶಕಗಳಾದವು. ಹಳೆಯ ರೇಡಿಯೊವೊಂದು ಅಟ್ಟದ ಮೇಲಿದ್ದರೆ ಅದರ ಧ್ವನಿ ವಿಭಾಗದಲ್ಲಿ ಎಸಿ 128 ಎಂಬ ನಂಬರು ಕಾಣಸಿಗಬಹುದು. ಕಿತ್ತು ತೆಗೆಯುವಾಗ ಬೆಸುಗೆಕೋಲಿನ ಶಾಖ ಒಳಗೆ ಹತ್ತದಂತೆ ಅದರ ಕಾಲನ್ನು ಚಿಮುಟದಿಂದ ಹಿಡಿದುಕೊಳ್ಳಬೇಕು. ಬಳಸುವ ಮುನ್ನ ಮೀಟರಿನಲ್ಲಿ ಅದರ ಹಿಗ್ಗಿಸುವ ಬಲ ಅಳೆಯಬೇಕು. ಸೋರಿಕೆಯನ್ನು ಕಳೆದ ಮೇಲೆ ಮೊದಲನೆಯದು 70-80, ಎರಡನೆಯದು 110-130 ಇದ್ದರೆ ಫಝ್ ಫೇಸಿಗೆ ಹಿತ ಎಂದು ಅನುಭವಸ್ಥರ ಲೆಕ್ಕ. ಬೆರಳು ತಾಗಿದರೂ ಅಳತೆ ಏರುವುದರಿಂದ ಮುಟ್ಟಿದ ಮೇಲೆ ಒಂದೆರಡು ನಿಮಿಷ ಬಿಟ್ಟು ಓದಬೇಕು. ಈ ನಮೂನೆಯ ಟ್ರಾನ್ಸಿಸ್ಟರಿನೊಂದಿಗೆ ಮೂಲ ನಕ್ಷೆಯನ್ನೇ ಅನುಸರಿಸಿದರೆ ಬ್ಯಾಟರಿಯ ಧನ ತುದಿ ಡಬ್ಬಿಯ ಮೈಗೆ ಸೇರುತ್ತದೆ, ಹಾಗಾಗಿ ಬೇರೆ ಪೆಡಲುಗಳ ಅಡಾಪ್ಟರಿಗೆ ಇದನ್ನು ಜೋಡಿಸಬಾರದು. ಎಲ್ಲ ಬೆಸೆದಾದ ಮೇಲೂ ಸದ್ದೇ ಬರದಿದ್ದರೆ ಗಾಬರಿ ಬೇಡ, ಮೊದಲ ಡಬ್ಬಿ ಮೊದಲ ಸಲಕ್ಕೆ ಹಾಡುವುದು ಕಡಿಮೆ. ಮೊದಲು ಬ್ಯಾಟರಿ, ಆಮೇಲೆ ಜ್ಯಾಕಿನ ವೈರು, ಆಮೇಲೆ ಹೊಳಪಿಲ್ಲದ ಬೆಸುಗೆಗಳು, ಕೊನೆಗೆ ಟ್ರಾನ್ಸಿಸ್ಟರಿನ ಮೂರು ಕಾಲುಗಳು ತಿರುವುಮುರುವಾಗಿವೆಯೇ ಎಂದು ನೋಡಬೇಕು. ರೇಡಿಯೊ ರಿಪೇರಿಯವರು ನೋಡುತ್ತಿದ್ದದ್ದೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ.